ಹದಿನಾಲ್ಕನೆಯ ಹೆಸರು

ಸಯನ್
೨೪ ನವೆಂಬರ್ ೨೦೨೪

ಗುರುಬಾಯಿ,

ಮಂಡಿ ಮೊದಲಿದ್ದ ಜಾಗದಲ್ಲೇ ನೋಯುತ್ತಿದೆ, ಹೊಸ ನೋವೇನಿಲ್ಲ. ಕ್ಷೇಮ ಸಮಾಚಾರ ಇಷ್ಟೇ. ಇನ್ನು ನೀನು ಉತ್ತರ ಕೊಡಬೇಕಾದ ಮಾತಿಗೆ ಬರುತ್ತೇನೆ.

ಮೂರು ಮಂಗಳವಾರ ಕಳೆದವು, ನಿನ್ನ ಬರಹ ಬರಲಿಲ್ಲ. ಲಾಕ್‌ಡೌನಿನಲ್ಲಿ ನನ್ನ ಮೊಮ್ಮಗಳು ಸ್ನೇಹಲ್ ನಮ್ಮಿಬ್ಬರಿಗೂ ಬ್ಲಾಗು ಮಾಡಿಕೊಟ್ಟ ದಿನದಿಂದ ನೀನು ಒಂದು ಮಂಗಳವಾರ ತಪ್ಪಿಸಿದವಳಲ್ಲ. ನಾನು ಎರಡನೇ ಇಯತ್ತೆಯವಳು, ನೋಟುಬುಕ್ಕಿನಲ್ಲಿ ಗೀಚಿದ್ದನ್ನು ಸ್ನೇಹಲ್ ಟೈಪ್ ಮಾಡಬೇಕು. ನೀನು ಏಳನೆಯದು ಮುಗಿಸಿದವಳು, ನಿನ್ನ ಕೈಯಿಂದಲೇ ಒತ್ತುತ್ತೀ. ಕುರ್ಲಾದಲ್ಲಿ ನಿಮ್ಮಣ್ಣ ನಡೆಸುತ್ತಿದ್ದ ಜೋಳದ ಗಿರಣಿಯ ಹೆಸರನ್ನೇ ಬ್ಲಾಗಿಗೆ ಇಟ್ಟೆ. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರ ಮಾತನ್ನೆಲ್ಲ ಅದರಲ್ಲಿ ಬೀಸಿ ಹಾಕಿದೆ. ನಿಮ್ಮಣ್ಣನನ್ನು ಕಟ್ಟಿಕೊಂಡು ಈ ಮುಂಬಯಿಗೆ ಬಂದವಳು ನಾನು, ಆದರೆ ಆ ಗಿರಣಿಯಲ್ಲಿ ಅಷ್ಟೆಲ್ಲ ನಡೆಯುತ್ತಿತ್ತೆಂದು ನಿನ್ನಿಂದಲೇ ತಿಳಿದದ್ದು.

ಮಂಗಳವಾರ ಊಟವಾದ ಮೇಲೆ ಫೋನಿನ ರೀಡರ್ ತೆರೆಯುತ್ತೇನೆ. ಯಾರ ಬ್ಲಾಗಿನಲ್ಲಿ ಹೊಸದು ಬಂದಿದೆಯೋ ಅದು ತಾನಾಗಿ ತಂದು ಮುಂದಿಡುತ್ತದೆ. ಹದಿಮೂರು ಮಂದಿಯದು ಬರುತ್ತಿದೆ. ಬೆಳಗಾವಿಯ ಆ ಉಪ್ಪಿನಕಾಯಿಯವಳದು ಬೇಡವೆಂದರೂ ಬರುತ್ತದೆ. ನಿನ್ನದು ಮಾತ್ರ ಇಲ್ಲ. ಗೌರಿ ಹುಣ್ಣಿಮೆಗೆ ಪ್ರತಿ ವರ್ಷ ಸ್ನೇಹಲ್‌ಗೆ ಕಳಿಸುತ್ತಿದ್ದ ಸಕ್ಕರೆ ಆರತಿಯ ಗೊಂಬೆಗಳೂ ಈ ಸಲ ಬರಲಿಲ್ಲ. ಎರಡೂ ಒಟ್ಟಿಗೆ ನಿಂತರೆ ನಾನು ಏನೆಂದು ತಿಳಿಯಲಿ?

ದಸರೆಯಲ್ಲಿ ನೀನು, ಮದುವೆಯಾದ ಮೇಲೆ ಅಣ್ಣನ ಪಾಲಿಗೆ ದಪ್ಪ ರೊಟ್ಟಿ ಬಂದವು ಎಂದು ಬರೆದೆ. ಆ ದಪ್ಪ ರೊಟ್ಟಿ ತಿಂದೇ ನಲವತ್ತು ವರ್ಷ ಗಿರಣಿ ನಡೆಸಿದರು ಎಂದು ನಾನು ಅದರ ಕೆಳಗೆ ಬರೆಸಿದೆ. ಅಷ್ಟಕ್ಕೆ ಮುನಿದಿದ್ದೀಯಾ? ಅಥವಾ ನನ್ನ ಬಗ್ಗೆ ಇನ್ನೇನೋ ಬರೆದು, ನಾನು ನೋಡಬಾರದೆಂದು ಬಾಗಿಲು ಹಾಕಿಕೊಂಡಿದ್ದೀಯಾ? ಫೋನಿನಲ್ಲಿ ಕೇಳೋಣವೆಂದರೆ ನಿನಗೆ ಕಿವಿ ಇಲ್ಲ. ಬಂದು ಕೇಳೋಣವೆಂದರೆ ಕುರ್ಲಾ ಒಂದೇ ಸ್ಟೇಷನ್ನು, ಆದರೆ ಆ ಸೇತುವೆಯ ಮೆಟ್ಟಿಲು ನನ್ನ ಮಂಡಿಗೆ ಆಗದು. ಕಾಗದದಲ್ಲೇ ಹೇಳು.

ನಿನ್ನ ವೈನಿ,
ಚನ್ನವ್ವ


ಕುರ್ಲಾ
೨ ಡಿಸೆಂಬರ್ ೨೦೨೪

ವೈನಿಯವರಿಗೆ,

ಪತ್ರ ಮುಟ್ಟಿತು. ನಾನು ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ. ನವೆಂಬರ್ ಐದರಂದು ಬರೆದದ್ದನ್ನು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ನೀವು ಅದನ್ನು ಓದಿದಿರಿ, ಉತ್ತರವನ್ನೂ ಕೊಟ್ಟಿರಿ. ನನಗೆ ಆ ಉತ್ತರ ತಿಳಿಯಿತು. ಈಗ ಕಂಡೇ ಇಲ್ಲವೆಂದು ಕಾಗದ ಬರೆಯುವುದು ಯಾಕೆ?

ಕಿವಿ ಹೋದದ್ದು ನನಗೆ. ಕೇಳಿಸದವರ ಹಾಗೆ ಇರುವ ಕಷ್ಟ ನಿಮಗೆ ಬೇಡ.

ಗುರುಬಾಯಿ


ಸಯನ್
೯ ಡಿಸೆಂಬರ್ ೨೦೨೪

ಗುರುಬಾಯಿ,

ನಿನ್ನ ನಾಲ್ಕು ಸಾಲನ್ನು ಎಂಟು ಸಲ ಓದಿದೆ. ಉತ್ತರ ಕೊಟ್ಟೆನಂತೆ. ಯಾವ ಬಾಯಿಂದ ಕೊಟ್ಟೆ? ಐದನೆಯ ತಾರೀಖಿನದನ್ನು ನಾನು ಕಂಡೇ ಇಲ್ಲ. ಈಗ ನನ್ನ ಅನುಮಾನ ಗಟ್ಟಿಯಾಯಿತು. ನೀನು ಬರೆಯುತ್ತಿದ್ದೀ, ಲೋಕವೆಲ್ಲ ಓದುತ್ತಿದೆ, ನನಗೊಬ್ಬಳಿಗೆ ಕೀಲಿ ಹಾಕಿದ್ದೀ. ಇಂಥ ವಿದ್ಯೆ ನಿನ್ನ ಮೊಮ್ಮಗ ಅಕ್ಷಯನಿಗೆ ಬರುತ್ತದೆ. ಕಳೆದ ವರ್ಷ ಅವನು ತನ್ನ ಫೋಟೋಗಳನ್ನು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ಬೇರೆ ಬೇರೆ ಮಾಡಿ ತೋರಿಸಿದ್ದು ನನಗೆ ನೆನಪಿದೆ.

ವಿಚಾರಣೆ ಮಾಡದೆ ಹೇಳುತ್ತಿಲ್ಲ. ಮೊದಲು ಪಕ್ಕದ ಮನೆಯ ರಂಜನಾಳನ್ನು ಹಿಡಿದೆ. ದೀಪಾವಳಿಯಲ್ಲಿ ಚಕ್ಕುಲಿ ಮಾಡುವುದು ನೋಡಬೇಕೆಂದು ನನ್ನ ಫೋನು ಇಸಿದುಕೊಂಡಿದ್ದಳು. ಏನಾದರೂ ಒತ್ತಿ ಕೆಡಿಸಿದೆಯಾ ಎಂದು ಕೇಳಿದೆ.

"ನಿಮ್ಮ ಫೋನಿಗೆ ನಾ ಏನ ಮಾಡ್ಲಿ ಅಜ್ಜಿ," ಅಂದಳು. "ಅದರಾಗ ಇರೋದು ಬರೇ ಮುದುಕೇರು."

ಸುಳ್ಳು ಹೇಳುವವಳು ಅಷ್ಟು ಒರಟಾಗಿ ಮಾತಾಡುವುದಿಲ್ಲ. ಅವಳನ್ನು ಬಿಟ್ಟೆ.

ಆಮೇಲೆ ನಾನೇ ಹುಡುಕಿದೆ. ಸ್ನೇಹಲ್ ಲೈಬ್ರರಿ ಕೋರ್ಸಿಗೆಂದು ಪುಣೆಗೆ ಹೋಗಿದ್ದಾಳೆ. ಟೈಪ್ ಮಾಡಲು ನನಗೆ ಬಾರದು, ಆದರೆ ಫೋನಿಗೆ ಬಾಯಿಂದ ಹೇಳಿದರೂ ಅದು ಹುಡುಕುತ್ತದೆ. ಗುರುಬಾಯಿಯ ಗಿರಣಿ ಅಂದೆ, ಸಾಂಗ್ಲಿಯ ಖಾರಪುಡಿ ಅಂಗಡಿ ತೋರಿಸಿತು. ಕುರ್ಲಾದ ಜೋಳದ ಗಿರಣಿ ಅಂದೆ, ಒಂಬತ್ತು ಗಿರಣಿ ತೋರಿಸಿತು, ನಮ್ಮದಿಲ್ಲ. ಇಷ್ಟು ಹುಡುಕಿದರೂ ಸಿಗದಿದ್ದರೆ ಅದು ಬಚ್ಚಿಟ್ಟ ಹಾಗೆ ಅಲ್ಲವೇ?

ಹನ್ನೊಂದು ವರ್ಷ ಹಿಡಿದ ಮಾತು ಅಂದರೆ ನಿಮ್ಮಣ್ಣ ತೀರಿಕೊಂಡ ಕಾಲದ್ದು. ಆಸ್ಪತ್ರೆಯಲ್ಲಿ ನಾನು ಅಳಲಿಲ್ಲ ಎಂದು ಬರೆದಿದ್ದೀಯಾ? ಬರೆದಿದ್ದರೆ ಬರೆ. ಅಳುವವರ ಪಾಲಿನದೆಲ್ಲ ನೀನೇ ಅತ್ತೆ. ಚಹಾ ತರುವುದು, ಔಷಧದ ಚೀಟಿ ಹಿಡಿದು ಓಡುವುದು ನನ್ನ ಪಾಲಿಗೆ ಉಳಿಯಿತು.

ಕೀಲಿ ತೆಗೆ.

ಚನ್ನವ್ವ


ಕುರ್ಲಾ
೧೬ ಜನವರಿ ೨೦೨೫

ವೈನಿಯವರಿಗೆ,

ಸಂಕ್ರಾಂತಿಗೆ ಕಳಿಸಿದ ಕುಸುರೆಳ್ಳಿನ ಡಬ್ಬಿ ಬಂತು. ತೆರೆದಿಲ್ಲ. ಕಪಾಟಿನ ಮೇಲೆ ಇದೆ.

ಕೀಲಿ ಎಂದು ಬರೆದಿರಲ್ಲ, ಅದಕ್ಕೆ ಮಾತ್ರ ಹೇಳುತ್ತೇನೆ. ನನ್ನ ಬ್ಲಾಗಿಗೆ ಕೀಲಿ ಇಲ್ಲ, ಹಾದುಹೋಗುವ ಯಾರೇ ಆಗಲಿ ಓದಬಹುದು. ಕೀಲಿ ಬಿದ್ದದ್ದು ನಿಮ್ಮ ಕಡೆ. "ಚನ್ನವ್ವನ ಕಟ್ಟೆ" ಎಂಬ ನಿಮ್ಮ ಬ್ಲಾಗಿನ ಬಲಬದಿಗೆ "ನಮ್ಮ ಓಣಿಯವರು" ಎಂದು ಒಂದು ಪಟ್ಟಿ ಇದೆ. ನಿಮಗೆ ಬೇಕಾದವರ ಬ್ಲಾಗುಗಳ ಹೆಸರು ಅಲ್ಲಿ ಒಂದರ ಕೆಳಗೊಂದು ಇರುತ್ತವೆ. ನಾಲ್ಕು ವರ್ಷ ಅಲ್ಲಿ ನನ್ನದಿತ್ತು. ನವೆಂಬರ್ ಐದರ ಮಂಗಳವಾರ ನಾನು ಬರೆದೆ. ನೀವು ಕೆಳಗೆ ಏನಾದರೂ ಬರೆಸುತ್ತೀರೆಂದು ಎರಡು ದಿನ ಕಾದೆ. ಗುರುವಾರ ಅಕ್ಷಯ ನಿಮ್ಮ ಕಟ್ಟೆಯನ್ನು ತೆರೆದು ತೋರಿಸಿದ. ಹದಿಮೂರು ಹೆಸರಿದ್ದವು. ಉಪ್ಪಿನಕಾಯಿಯವಳೂ ಇದ್ದಳು. ನಾನಿರಲಿಲ್ಲ.

ನನ್ನ ಹೆಸರು ತೆಗೆದಿದ್ದರೆ ಸುಮ್ಮನಿರುತ್ತಿದ್ದೆ. ಗಿರಣಿಗೂ ಬ್ಲಾಗಿಗೂ ಇರುವುದು ಅಣ್ಣನ ಹೆಸರು ವೈನಿ. ಸ್ವಂತ ಅಂಗಳದಿಂದ ಗಂಡನ ಹೆಸರನ್ನು ಗುಡಿಸಿ ಹಾಕಿದವರನ್ನು ನಾನು ನೋಡಿದ್ದು ಇದೇ ಮೊದಲು.

ನನ್ನ ಬ್ಲಾಗಿನ ಪಟ್ಟಿಯಲ್ಲಿ ಮೊದಲನೆಯ ಹೆಸರು ನಿಮ್ಮದು. ಈಗಲೂ ಇದೆ. ತೆಗೆಯಲು ಕೂತೆ, ಕೈ ಬರಲಿಲ್ಲ. ಇನ್ನು ಬರೆಯಬೇಡಿ.

ಗುರುಬಾಯಿ


ಸಯನ್
೨೦ ಜನವರಿ ೨೦೨೫

ಸ್ನೇಹಲ್,

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಒಂದು ಕಡೆ ಮಾಡಿದ್ದು ಮೂರು ಕಡೆ ಹೋಗುವ ಯಂತ್ರವನ್ನು ನಾನಿನ್ನು ನಂಬುವುದಿಲ್ಲ. ಅಂಚೆಯವನು ಒಂದೇ ಮನೆಗೆ ಒಯ್ಯುತ್ತಾನೆ. ನೀನೂ ಕಾಗದದಲ್ಲೇ ಬರೆ. ಮೆಸೇಜು ಮಾಡಬೇಡ.

ನಿಜ ಹೇಳು. ಕುರ್ಲಾದ ಗುರುಬಾಯಿ ಅಜ್ಜಿಯ ಬ್ಲಾಗನ್ನು ನಮ್ಮ ಪಟ್ಟಿಯಿಂದ ತೆಗೆದವಳು ನೀನೇ? ದೀಪಾವಳಿ ರಜೆಯಲ್ಲಿ ನೀನು ನನ್ನನ್ನು ಎದುರಿಗೆ ಕೂರಿಸಿಕೊಂಡು ಏನೋ ಮಾಡಿದೆ. ಕಟ್ಟೆಯ ಬಲಬದಿಗೆ ಒಂದು ಪಟ್ಟಿ, ಫೋನಿನ ರೀಡರ್‌ನಲ್ಲಿ ಇನ್ನೊಂದು, ನೀನು ಕೊಟ್ಟ ಹಳೆಯ ಟ್ಯಾಬಿನಲ್ಲಿ ಮತ್ತೊಂದು. ಮೂರೂ ಒಂದಕ್ಕೊಂದು ಹೊಂದುವುದಿಲ್ಲ, ಸತ್ತ ಬ್ಲಾಗುಗಳು ಹಾಗೇ ಬಿದ್ದಿವೆ, ಒಂದೇ ಮಾಡಿಬಿಡುತ್ತೇನೆ ಅಂದೆ. ಮೂರು ಪಟ್ಟಿ ಮೂರು ಥರ ಇದ್ದಾಗ ಯಾರೂ ಮುನಿದಿರಲಿಲ್ಲ. ಒಂದೇ ಆದ ಮೇಲೆ ನನ್ನ ನಾದಿನಿ ನನ್ನ ಕುಸುರೆಳ್ಳನ್ನು ಕಪಾಟಿನ ಮೇಲೆ ಎಸೆದಿದ್ದಾಳೆ.

ಅಕ್ಷಯನ ಮೇಲಿನ ಸಿಟ್ಟಿಗೆ ತೆಗೆದೆಯೋ? ನೀವಿಬ್ಬರೂ ದಾದರ್‌ನಲ್ಲಿ ಭೇಟಿಯಾಗಿ ಜಗಳ ಮಾಡಿಕೊಂಡದ್ದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಅಥವಾ ಯಂತ್ರವೇ ತಿಂದಿತೋ? ಯಾರನ್ನು ಬಯ್ಯಬೇಕೆಂದು ತಿಳಿಯದೆ ಮೂರು ದಿನದಿಂದ ಎಲ್ಲರನ್ನೂ ಬಯ್ಯುತ್ತಿದ್ದೇನೆ.

ನಾನು ಕಳೆದುಕೊಳ್ಳುತ್ತಿರುವುದು ಏನೆಂದು ನಿನಗೆ ತಿಳಿದಿರಲಿ. ನಾನು ಹದಿನೇಳರ ಸೊಸೆಯಾಗಿ ಆ ಮನೆಗೆ ಹೋದಾಗ ಅವಳಿಗೆ ಹದಿನಾಲ್ಕು. ಆ ಮನೆಯಲ್ಲಿ ನನ್ನ ಜೊತೆ ನಕ್ಕವಳು ಅವಳೊಬ್ಬಳೇ. ಆಗಿನ ನನ್ನನ್ನು ಕಂಡವರು ಇನ್ನು ಅವಳನ್ನು ಬಿಟ್ಟು ಯಾರೂ ಉಳಿದಿಲ್ಲ.

ನಿನ್ನ ಅಜ್ಜಿ


ಪುಣೆ
೨೮ ಜನವರಿ ೨೦೨೫

ಅಜ್ಜಿ,

ನನ್ನ ಕನ್ನಡ ಅಕ್ಷರ ನೋಡಿ ನಗಬೇಡ. ಎರಡು ವರ್ಷ ಆಯ್ತು ಪೆನ್ನಿನಿಂದ ಬರೆದು.

ಯಂತ್ರ ತಿಂದಿಲ್ಲ. ನಾನು ಸಿಟ್ಟಿನಲ್ಲಿ ತೆಗೆದಿಲ್ಲ, ಅಕ್ಷಯನ ಜೊತೆ ಜಗಳ ಆವಾಗಲೇ ಖತಮ್ ಆಗಿತ್ತು. ನವೆಂಬರ್ ಮೂರು, ಭಾನುವಾರ, ನಾವು ಏನು ಮಾಡಿದೆವು ನೆನಪು ಮಾಡು. ನೀನು ಫೋನ್ ಹಿಡಿದು ರೀಡರ್‌ನಲ್ಲಿದ್ದ ಹೆಸರು ಒಂದೊಂದೇ ಜೋರಾಗಿ ಓದಿದೆ. ನಾನು ಲ್ಯಾಪ್‌ಟಾಪ್‌ನಲ್ಲಿ ಟಿಕ್ ಮಾಡಿದೆ. ಬೇಡ ಅನ್ನಿಸಿದ್ದು ಓದಬೇಡ, ಬಿಟ್ಟುಬಿಡು ಅಂತ ನಾನೇ ಹೇಳಿದ್ದೆ. ಹಾಗೇ ಸತ್ತುಹೋದ ಮೂರು ಬ್ಲಾಗ್ ನೀನು ಬಿಟ್ಟೆ. ಟಿಕ್ ಆದದ್ದು ಉಳೀತು, ಆಗದ್ದು ಹೋಯ್ತು. ಆಮೇಲೆ ಸಿಂಕ್ ಮಾಡಿದೆ. ಸಿಂಕ್ ಅಂದರೆ ಒಂದು ಪಟ್ಟಿ ಹೇಗಿದೆಯೋ ಉಳಿದ ಎರಡೂ ಹಾಗೇ ಆಗೋದು. ಅದಕ್ಕೇ ಮೂರೂ ಕಡೆ ಒಟ್ಟಿಗೆ ಹೋಯ್ತು.

ಎಲ್ಲದಕ್ಕಿಂತ ಕೆಳಗೆ ಕುರ್ಲಾ ಅಜ್ಜಿಯ ಬ್ಲಾಗ್ ಇತ್ತು. ಅಲ್ಲಿಗೆ ಬಂದಾಗ ನೀನು ಕೆಮ್ಮಿದೆ. ಫೋನ್ ಕೆಳಗೆ ಇಟ್ಟು, "ಆತು, ಮುಗೀತು" ಅಂದೆ. ನಾನು ಅಂದುಕೊಂಡೆ ಆ ರೊಟ್ಟಿ ವಿಷಯಕ್ಕೆ ಇನ್ನೂ ಸಿಟ್ಟಿದೆ, ಕೇಳಿದರೆ ಬೈತೀ ಅಂತ. ಸುಮ್ಮನಿದ್ದೆ. ಅದು ನನ್ನ ತಪ್ಪು.

ಬೇಕಾದರೆ ಇಲ್ಲಿಂದಲೇ ಸೇರಿಸ್ತೀನಿ, ಎರಡು ಸೆಕೆಂಡ್ ಕೆಲಸ. ನೀನೇ ಸೇರಿಸೋದಾದರೆ ಫೋನಿಗೆ ಬ್ಲಾಗಿನ ಪೂರ್ತಿ ಹೆಸರು ಹೇಳು, ಬಂದಾಗ ಪಕ್ಕದ ಪ್ಲಸ್ ಒತ್ತು. ಒಂದು ಕಡೆ ಸೇರಿಸಿದರೆ ಮೂರೂ ಕಡೆ ಸೇರುತ್ತದೆ.

ಆದರೆ ಅಜ್ಜಿ, ಒಂದು ಹೇಳು. ಎಲ್ಲಾ ಓದಿದಿ, ಅಜ್ಜನ ಹೆಸರು ಯಾಕೆ ಓದಲಿಲ್ಲ?

ಸ್ನೇಹಲ್


ಸಯನ್
೯ ಫೆಬ್ರವರಿ ೨೦೨೫

ಗುರುಬಾಯಿ,

ಬರೆಯಬೇಡಿ ಎಂದು ನೀನು ಅಂದಿದ್ದೆ. ಬರೆಯುತ್ತಿದ್ದೇನೆ. ಹರಿಯುವ ಮೊದಲು ಕೊನೆಯವರೆಗೆ ಓದು.

ನಿನ್ನನ್ನು ಪಟ್ಟಿಯಿಂದ ತೆಗೆದವಳು ನಾನೇ. ರಂಜನಾಳಲ್ಲ, ಅಕ್ಷಯನಲ್ಲ, ಸ್ನೇಹಲ್ ಅಲ್ಲ, ಯಂತ್ರವೂ ಅಲ್ಲ. ಎಲ್ಲರ ಮೇಲೂ ಅನುಮಾನಪಟ್ಟೆ, ನನ್ನನ್ನು ಮಾತ್ರ ಬಿಟ್ಟೆ. ಐದನೆಯ ತಾರೀಖಿನ ನಿನ್ನ ಬರಹ ಓದಿ ತೆಗೆದದ್ದಲ್ಲ. ಅದಕ್ಕಿಂತ ಎರಡು ದಿನ ಮೊದಲು, ಮೂರನೆಯ ತಾರೀಖು, ಗಂಟಲು ಸರಿಮಾಡಿಕೊಂಡು ತೆಗೆದೆ.

ಸ್ನೇಹಲ್ ಹೆಸರುಗಳನ್ನು ಜೋರಾಗಿ ಓದಲು ಹೇಳಿದಳು. ಓದಿದ್ದು ಉಳಿಯುತ್ತದೆ, ಓದದ್ದು ಹೋಗುತ್ತದೆ ಎಂದೂ ಹೇಳಿದ್ದಳು, ನಾನು ತಲೆಯಾಡಿಸಿದ್ದೆ. ಹದಿಮೂರು ಓದಿದೆ. ಹದಿನಾಲ್ಕನೆಯದು ನಿನ್ನದು. ಅದರಲ್ಲಿ ಮೊದಲ ಮಾತೇ ನಿಮ್ಮಣ್ಣನ ಹೆಸರು. ಐವತ್ತನಾಲ್ಕು ವರ್ಷ ಆ ಹೆಸರು ಬಂದ ಕಡೆಯೆಲ್ಲ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ರೇಷನ್ ಅಂಗಡಿಯವನು ಗಂಡನ ಹೆಸರು ಕೇಳಿದರೆ ಕೆಮ್ಮಿ ನಿನ್ನ ಮುಖ ನೋಡುತ್ತಿದ್ದೆ, ನೀನು ಹೇಳುತ್ತಿದ್ದೆ. ಆಸ್ಪತ್ರೆಯ ಚೀಟಿಗೂ ನೀನೇ ಹೇಳಿದೆ. ನಾನು ಬಿಟ್ಟದ್ದನ್ನು ಪಕ್ಕದಲ್ಲಿದ್ದವರು ತುಂಬುತ್ತಾರೆ ಎಂಬುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಬಿಟ್ಟೆನೆಂದೇ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವಳು ಮುಂಬಯಿಯಲ್ಲಿ ಹುಟ್ಟಿದ ಹುಡುಗಿ, ಗಂಡನನ್ನು ಹೆಸರು ಹಿಡಿದು ಕರೆಯುವ ಕಾಲದವಳು. ಅವಳಿಗೆ ಕೆಮ್ಮು ಕೆಮ್ಮಾಗಿಯೇ ಕೇಳಿಸಿತು.

ಡಿಸೆಂಬರಿನಲ್ಲಿ ಫೋನಿಗೆ ಏನೇನೋ ಹೇಳಿ ಹುಡುಕಿದೆನೆಂದು ಬರೆದಿದ್ದೆನಲ್ಲ, ಹೇಳಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಸಿಗದಿದ್ದಾಗ ನಿನ್ನನ್ನು ಕಳ್ಳಿ ಮಾಡಿದೆ.

ಸ್ನೇಹಲ್ ತಾನೇ ಸೇರಿಸುತ್ತೇನೆ ಎಂದಳು. ಬೇಡವೆಂದೆ. ತೆಗೆದ ಬಾಯಿಯೇ ಸೇರಿಸಲಿ. ಮೊನ್ನೆ ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿದೆ, ಕುಕ್ಕರಿನ ಗ್ಯಾಸು ಆರಿಸಿದೆ, ಗೋಡೆಯ ಮೇಲಿನ ಅವರ ಫೋಟೋಕ್ಕೆ ಬೆನ್ನು ಮಾಡಿ ಕೂತೆ. ಮೊದಲ ಸಲ ಹೇಳಿದಾಗ ಧ್ವನಿ ಹೊರಡಲಿಲ್ಲ, ಮತ್ತೊಮ್ಮೆ ಹೇಳಿ ಎಂದು ಫೋನು ಬರೆದು ತೋರಿಸಿತು. ಎರಡನೆಯ ಸಲ ಯಾರೋ ವಕೀಲರನ್ನು ತಂದಿತು. ಮೂರನೆಯ ಸಲ ಊರಲ್ಲಿ ಹೊಲದಾಚೆಗೆ ಕೂಗುವ ಹಾಗೆ ಕೂಗಿದೆ. ಬಂತು. ರಂಜನಾ ಬಾಗಿಲು ಬಡಿದು, "ಅಜ್ಜಿ, ಯಾರನ್ನ ಕರೀಲಿಕ್ಹತ್ತೀರಿ?" ಎಂದು ಕೇಳಿದಳು. ನಾನು ಹೇಳಲಿಲ್ಲ.

ಪ್ಲಸ್ ಒತ್ತಿದೆ. ಫೋನಿನಲ್ಲಿ ಬಂತು, ಟ್ಯಾಬಿನಲ್ಲಿ ಬಂತು, ಕಟ್ಟೆಯ ಬಲಬದಿಗೂ ಬಂತು. ನೀನು ಬರೆದ ಹದಿನಾಲ್ಕು ಮಂಗಳವಾರ ಒಟ್ಟಿಗೆ ಬಂದು ನಿಂತವು. ತೀರ ಕೆಳಗಿನದರಿಂದ ಶುರುಮಾಡಿದೆ.

ಐದನೆಯ ತಾರೀಖಿನದನ್ನು ಓದಿ ರೀಡರ್ ಮುಚ್ಚಿದೆ. ಉಳಿದದ್ದನ್ನು ಆ ದಿನ ಓದಲಾಗಲಿಲ್ಲ.

ಆಸ್ಪತ್ರೆಯಲ್ಲಿ ನಾನು ಚಹಾ ತರಲು ಕೆಳಗೆ ಹೋದಾಗ ಅವರು ಕಣ್ಣು ತೆರೆದು, "ಚನ್ನಿ ಎಲ್ಲ್ಯದಾಳ?" ಎಂದು ಕೇಳಿದರೆಂದು ಬರೆದಿದ್ದೀ. ನಾನಿದ್ದೇನಲ್ಲ, ಸಾಲದೇ ಎಂದು ನೀನು ಅಂದೆಯಂತೆ. ನಾನು ಮೇಲೆ ಬರುವಷ್ಟರಲ್ಲಿ ಅವರು ಮತ್ತೆ ನಿದ್ದೆ ಹೋಗಿದ್ದರು, ಆಮೇಲೆ ಮಾತಾಡಲಿಲ್ಲ. ಕಡೆಗೆ ಕೇಳಿದ್ದು ತಂಗಿಯನ್ನಲ್ಲ ಎಂಬ ಹೊಟ್ಟೆಕಿಚ್ಚಿಗೆ ಇದನ್ನು ಹನ್ನೊಂದು ವರ್ಷ ನುಂಗಿಕೊಂಡೆ ಎಂದು ಬರೆದಿದ್ದೀ. ಎದುರು ಕೂತು ಹೇಳುವ ಧೈರ್ಯವಿಲ್ಲ, ವೈನಿ ಮಂಗಳವಾರ ಓದುತ್ತಾರೆ, ಅದಕ್ಕೇ ಇಲ್ಲಿ ಬರೆದೆ ಎಂದೂ ಬರೆದಿದ್ದೀ. ಅದನ್ನು ಏರಿಸಿ ಎರಡು ದಿನ ಕಾದು, ನನ್ನ ಪಟ್ಟಿ ನೋಡಿದ್ದೀ. ನಿನ್ನ ಜಾಗದಲ್ಲಿ ನಾನಿದ್ದರೆ ಕುಸುರೆಳ್ಳನ್ನು ಕಪಾಟಿನ ಮೇಲಲ್ಲ, ಗಟಾರಕ್ಕೆ ಹಾಕುತ್ತಿದ್ದೆ.

ಗುರುಬಾಯಿ, ಅವರೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಏ, ಕೇಳಿಲ್ಲಿ" ಅನ್ನುವುದೇ ನನ್ನ ಹೆಸರಾಗಿತ್ತು. ಚನ್ನಿ ಎಂಬುದು ತವರಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು. ಅದು ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ನೀನು ಆವತ್ತೇ ಹೇಳಿದ್ದರೆ ಆವತ್ತೇ ಅಳುತ್ತಿದ್ದೆ. ಬಾಕಿ ಉಳಿದಿತ್ತು, ಶುಕ್ರವಾರ ಅತ್ತೆ. ಸಿಟ್ಟಿದೆಯೇ ಎಂದು ಕೇಳಿದರೆ ಇದೆ. ಆದರೆ ಅದನ್ನು ನಿನ್ನ ಎದುರು ಕೂತು ಮುಗಿಸಬೇಕು, ಕಾಗದದಲ್ಲಿ ಮುಗಿಯುವಂಥದ್ದಲ್ಲ.

ಮದುವೆಯ ದಿನ ನೆನಪಿದೆಯಾ? ಹೊಸ್ತಿಲಿಗೆ ಅಡ್ಡ ಕೈ ಹಿಡಿದು ನೀನು ನಿಂತಿದ್ದೆ, ಗಂಡನ ಹೆಸರು ಒಡಪಿನಲ್ಲಿ ಕಟ್ಟಿ ಹೇಳದೆ ಒಳಗೆ ಬಿಡುವುದಿಲ್ಲ ಎಂದು. ನನ್ನ ಸೋದರತ್ತೆ ಕಲಿಸಿಕೊಟ್ಟದ್ದನ್ನು ನೆಲ ನೋಡುತ್ತ ಒಂದು ಸಲ ಹೇಳಿದ್ದೆ. ಆಮೇಲೆ ಹೇಳಿಲ್ಲ. ಈ ಸಲ ನಾನೇ ಕಟ್ಟಿದ್ದೇನೆ.

ಜ್ವಾಳದ ಹಿಟ್ಟಿಗೆ ಬಿಸಿನೀರು, ದಪ್ಪ ರೊಟ್ಟಿಗೆ ಬೆಣ್ಣಿ ಮುದ್ದಿ,
ನೀಲಕಂಠಪ್ಪನವರ ಹೆಸರ ಹೇಳೇನಿ, ಬಾಗಲಾ ಬಿಡ ಗುರುಬಾಯಿ, ಮುಗೀತ ಸುದ್ದಿ.

ನಿನ್ನ ವೈನಿ,
ಚನ್ನಿ


ಕುರ್ಲಾ
೧೫ ಫೆಬ್ರವರಿ ೨೦೨೫

ವೈನಿ,

ಕುಸುರೆಳ್ಳಿನ ಡಬ್ಬಿ ತೆರೆದೆ. ಅಂಟಿಕೊಂಡು ಒಂದೇ ಗಡ್ಡೆಯಾಗಿದೆ. ಒಡೆದು ತಿನ್ನುತ್ತಿದ್ದೇನೆ.

ಒಡಪು ಓದಿದೆ. ಕಾಗದದ ಮೇಲೆ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಫೋನಿಗೆ ಮೂರು ಸಲ ಹೇಳಿದವರು ನನಗೆ ಒಂದು ಸಲ ಹೇಳಬೇಕು. ಮುಂದಿನ ಭಾನುವಾರ ಅಕ್ಷಯ ಟ್ಯಾಕ್ಸಿ ತರುತ್ತಾನೆ, ಸೇತುವೆಯ ಮೆಟ್ಟಿಲು ಹತ್ತುವುದು ಬೇಡ. ನಾನು ಹೊಸ್ತಿಲಿಗೆ ಅಡ್ಡ ನಿಂತಿರುತ್ತೇನೆ. ನನಗೆ ಕೇಳಿಸುವುದಿಲ್ಲ, ತುಟಿ ನೋಡುತ್ತೇನೆ. ನೆಲ ನೋಡಿ ಹೇಳಬೇಡಿ.

ಕೆಮ್ಮಿದರೆ ಒಳಗೆ ಬಿಡುವುದಿಲ್ಲ.

ಗುರುಬಾಯಿ